ಹಿಂದಿನ ಸೀಟಿನ ಮೇಸ್ತ್ರಿ

ಕಳೆದ ತಿಂಗಳು, ನಾನೀಗ ಇರುವ ಶಿರವಾಡದ ಗ್ಯಾರೇಜೊಂದರಲ್ಲಿ ನನ್ನ ಬೈಕಿನ ಹಿಂದಿನ ಚಕ್ರ ಬಿಚ್ಚಿದಾಗ ಒಂದು ವಾಸನೆ ಎದ್ದಿತು. ತುಕ್ಕು ಹಿಡಿದ ಕಬ್ಬಿಣ, ಕಪ್ಪಾದ ಹಳೆಯ ಗ್ರೀಸು, ಅದರೊಳಗೆ ಸಣ್ಣಗೆ ಉಪ್ಪಿನ ಕಮಟು. ಗ್ಯಾರೇಜಿನವರು ಏನೋ ವಿವರಿಸುತ್ತಿದ್ದರು, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಹೊರಗೆ ಬಂದು ರಸ್ತೆ ನೋಡುತ್ತ ನಿಂತೆ. ವರ್ಷಗಳ ಹಿಂದೆ ಇದೇ ವಾಸನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಬ್ಬರು ನನಗೆ ಬುದ್ಧಿ ಹೇಳಿದ್ದರು. ನಾನು ಕೇಳಲಿಲ್ಲ. ಕೇಳದೇ ಇದ್ದದ್ದು ದೊಡ್ಡ ಮಾತಲ್ಲ, ಯಾರು ಯಾರ ಮಾತು ಕೇಳುತ್ತಾರೆ? ಆದರೆ ಆಮೇಲೆ ನಾನು ಮಾಡಿದ್ದು ಇದೆಯಲ್ಲ...

ಅವರನ್ನು ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಅಂಕೋಲೆಯಿಂದ ಬೇಲೆಕೇರಿಗೆ ಬರುವ ದಾರಿಯಲ್ಲಿ ತಗಡಿನ ಮಾಡಿನ ಒಂದು ಬೈಕು ರಿಪೇರಿ ಅಂಗಡಿ, ಬೋರ್ಡು ಇರಲಿಲ್ಲ. ಒಬ್ಬರೇ ಕೆಲಸ ಮಾಡುತ್ತಿದ್ದರು. ಘಟ್ಟದ ಬುಡದ ಯಾವುದೋ ಊರಿನ ಗದ್ದೆ ಮಾಡುವ ಮನೆಯವರು, ಅಂಗಡಿ ಇಟ್ಟು ಹತ್ತು ವರ್ಷವಾಗಿದ್ದರೂ ನಮ್ಮ ಕೇರಿಯವರ ಬಾಯಲ್ಲಿ ಅವರು ಹೊರಗಿನವರೇ. ನಮ್ಮದು ಮೀನು ಹಿಡಿಯುವ ಮನೆ. ಅಪ್ಪ ಇರಲಿಲ್ಲ, ಹೆತ್ತ ಆಯಿ ಮತ್ತು ನಾವಿಬ್ಬರು ಗಂಡುಮಕ್ಕಳು. ತಮ್ಮ ಬೋಟಿಗೆ ಹೋಗುತ್ತಿದ್ದ, ನಾನು ಬೈಕಿನ ಹಿಂದೆ ಕ್ರೇಟು ಕಟ್ಟಿಕೊಂಡು ಸುಂಕಸಾಳದ ಕಡೆಗೆ ಮೀನು ಒಯ್ದು ಮಾರುತ್ತಿದ್ದೆ. ಬೇಲೆಕೇರಿಗೆ ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ ಅದು. ರಸ್ತೆಯಲ್ಲಿ ಹೊಂಡ ಯಾವುದು, ರಸ್ತೆ ಯಾವುದು ಎಂದು ಹುಡುಕಿಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಹಾಕಿದ ಬಿಳಿ ಅಂಗಿ ಸುಂಕಸಾಳ ಮುಟ್ಟುವುದರೊಳಗೆ ಕೆಂಪಾಗಿರುತ್ತಿತ್ತು.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಇಳಿದ ಮೇಲೆ ನನ್ನ ಬೈಕು ಓಲಾಡಲು ಶುರುಮಾಡಿತು. ನೇರ ರಸ್ತೆಯಲ್ಲಿ ಅಷ್ಟು ಗೊತ್ತಾಗುತ್ತಿರಲಿಲ್ಲ. ತಿರುವು ಬಂತೆಂದರೆ ನಾನೊಂದು ಕಡೆ ಹೊರಳಿಸಿದರೆ ಅದು ಇನ್ನೊಂದು ಕಡೆ ಎಳೆಯುತ್ತಿತ್ತು. ಟೈರು ಬದಲಿಸಿದೆ, ಗಾಳಿ ಹೆಚ್ಚು ಮಾಡಿಸಿದೆ, ಕಡಿಮೆ ಮಾಡಿಸಿದೆ. ಹೆದ್ದಾರಿಯ ಚಹದಂಗಡಿಯಲ್ಲಿ ಸಿಕ್ಕಿದವರೆಲ್ಲ ಒಂದೊಂದು ರೋಗದ ಹೆಸರು ಹೇಳಿದರು. ಕಡೆಗೆ ಮೇಸ್ತ್ರಿಯ ಹತ್ತಿರ ಹೋದೆ.

ಅವರು ನಟ್ಟು ಬಿಚ್ಚುವ ಪಾನಾ ಹಿಡಿಯಲೇ ಇಲ್ಲ. ಕ್ರೇಟಿಗೆ ಎರಡು ಕಲ್ಲು ತುಂಬಿ ಕಟ್ಟಿಸಿ, ಅದರ ಮುಂದೆ ಉಳಿದ ಗೇಣು ಜಾಗದಲ್ಲಿ ನನ್ನ ಬೆನ್ನಿಗೆ ಅಂಟಿ ಕೂತು, ನಡೆ ಎಂದರು. ಬೇರೆಯವರು ತಾವೇ ಓಡಿಸಿ ನೋಡುತ್ತಾರೆ, ಇವರು ಓಡಿಸುತ್ತಿರಲಿಲ್ಲ. ಓಡಿಸುವವನ ಕೈ ಗಾಡಿಯ ತಪ್ಪನ್ನು ತನಗೇ ಗೊತ್ತಿಲ್ಲದೆ ತಿದ್ದಿಕೊಂಡು ಹೋಗುತ್ತದೆ, ಹಿಂದೆ ಕೂತವನ ಮೈಗೆ ಮಾತ್ರ ನಿಜ ಗೊತ್ತಾಗುತ್ತದೆ ಎಂದು ಅವರ ವಾದ. ಎರಡೂ ಅಂಗೈ ಮೊಣಕಾಲ ಮೇಲಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ದಾರಿಯಲ್ಲಿ ಕಂಡವರು ಮೇಸ್ತ್ರಿಗೆ ದೇವರು ಬಂದಿದೆಯಾ ಎಂದು ನನ್ನನ್ನು ಕೇಳಿ ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಅವರಿಗೆ ಅದರ ಗೊಡವೆಯೇ ಇರಲಿಲ್ಲ.

ನಾಲ್ಕು ತಿರುವು ದಾಟಿ ವಾಪಸು ಬರುವಾಗ ಬೆನ್ನ ಹಿಂದಿನಿಂದ ಹೇಳಿದರು. "ಅಲ್ಲಾಡೂದು ನಿನ್ನ ಕೈಗೆ ಬರೂದಿಲ್ಲ ತಮಾ, ನನ್ನ ಸೊಂಟಕ್ಕೆ ಬರ್ತದೆ. ರೋಗ ಹಿಂದೆ ಅದೆ, ಮುಂದಲ್ಲ."

ಅಂಗಡಿಗೆ ಬಂದು ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿದರು. ಹಿಂಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕಬ್ಬಿಣದ ಚಿಮಟಾ ಇರುತ್ತದಲ್ಲ, ಅದು ಗಾಡಿಯ ಮೈಗೆ ಸೇರುವ ಸಂದಿಯ ಮೇಲೆ ನನ್ನ ಬೆರಳು ಇಡಿಸಿ, ಚಕ್ರವನ್ನು ಅತ್ತಿತ್ತ ದೂಡಿದರು. ಬೆರಳಿನ ಕೆಳಗೆ ಟಕ್ ಟಕ್ ಎಂದಿತು. ಅಷ್ಟೇ, ಹಲ್ಲು ಸಡಿಲಾದಾಗ ನಾಲಿಗೆಗೆ ಸಿಗುವಷ್ಟು. ಬಿಚ್ಚಿದರೆ ಒಳಗಿನ ಬುಶ್ಶು, ಆ ರಬ್ಬರಿನ ಬಳೆ, ಪುಡಿಪುಡಿ, ಅದರ ಮೊಳೆ ತುಕ್ಕು ತಿಂದು ಅರ್ಧ ಸವೆದಿತ್ತು. ಆಗ ಬಂದದ್ದು ಈ ವಾಸನೆ.

ಗಾಡಿ ಎಲ್ಲಿ ತೊಳೆಯುತ್ತಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ, ದಿನಾ ತೊಳೆಯುತ್ತೇನೆ, ಮೀನಿನ ನೀರು ಸೋರಿದ್ದೆಲ್ಲ ಹೋಗುವ ಹಾಗೆ ದಂಡೆಗೆ ಒಯ್ದು ಬಕೆಟ್ಟಿನಲ್ಲಿ ಸಮುದ್ರದ ನೀರು ಹೊಡೆಯುತ್ತೇನೆ ಎಂದು. ನಮ್ಮ ಕೇರಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದೇ. ಬೋಟು ತೊಳೆಯುವ ನೀರಿನಲ್ಲಿ ಬೈಕು ತೊಳೆದರೆ ಏನು ತಪ್ಪು? ಮೇಸ್ತ್ರಿ ನಕ್ಕರು. ಬಂಗಡೆಗೆ ಉಪ್ಪು ಹಾಕಿ ಒಣಗಿಸುವ ಹಾಗೆ ಗಾಡಿಯನ್ನೂ ಒಣಗಿಸುತ್ತಿದ್ದೀಯಲ್ಲ ಎಂದರು. ಹೊಸ ಬುಶ್ಶು, ಮೊಳೆ ಹುಬ್ಬಳ್ಳಿಯಿಂದ ಬರಬೇಕು, ಎರಡು ದಿನ ಗಾಡಿ ಇಲ್ಲೇ ಬಿಡು ಎಂದು ಹೇಳಿ, ಬಿಚ್ಚಿದ್ದನ್ನು ಸದ್ಯಕ್ಕೆ ಜೋಡಿಸಿ ಒಳಗೆ ನಿಲ್ಲಿಸಿದರು. ನಾನು ಹಾಗಾದರೆ ಹ್ಯಾಂಡಲ್ ಕೆಳಗಿನ ನಟ್ಟಾದರೂ ಬಿಗಿ ಮಾಡಿ ಕೊಡಿ, ಓಲಾಟ ಕಡಿಮೆಯಾಗುತ್ತದಂತೆ ಎಂದೆ. ಚಹದಂಗಡಿಯ ಪಂಡಿತರು ಹೇಳಿಕೊಟ್ಟಿದ್ದು.

ಅವರ ನಗು ನಿಂತಿತು. "ಅದೊಂದು ಮಾಡ್ಬೇಡ. ಬಿಗಿ ಮಾಡಿದ್ರೆ ಆರಾಮಾದ ಹಂಗೆ ಕಾಣ್ತದೆ. ಆಮೇಲೆ ತಿರುವಿನಲ್ಲಿ ಗಾಡಿ ನಿನ್ನ ಮಾತು ಕೇಳೂದಿಲ್ಲ."

ಎರಡು ದಿನ! ಸುಂಕಸಾಳದ ಕಡೆಯ ನನ್ನ ಗಿರಾಕಿ ಮನೆಗಳ ಮೇಲೆ ಆಗಲೇ ಇನ್ನೊಬ್ಬನ ಕಣ್ಣು ಬಿದ್ದಿತ್ತು. ಒಂದು ದಿನ ನಾನು ಹೋಗದಿದ್ದರೆ ಅವನ ಹಾರ್ನಿಗೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ, ಎರಡನೆಯ ದಿನ ನನ್ನನ್ನು ಮರೆಯುತ್ತಾರೆ ಎಂಬ ಭಯ. ಮಾರನೆಯ ದಿನ ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋದ ಹೊತ್ತು ನೋಡಿ, ಗೂಟಕ್ಕೆ ನೇತುಹಾಕಿದ್ದ ಕೀಲಿ ತೆಗೆದುಕೊಂಡು ಗಾಡಿ ಮನೆಗೆ ತಂದುಬಿಟ್ಟೆ. ನನ್ನ ಗಾಡಿ ನಾನು ತಂದೆ, ಕದ್ದದ್ದಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ತಮ್ಮನ ಬೋಟಿನ ಪೈಪು ಪಾನಾ ಅಂಗಳದ ಮೂಲೆಯಲ್ಲಿ ಬಿದ್ದಿತ್ತು. ಅದರಲ್ಲೇ ಆ ನಟ್ಟನ್ನು ಕಚ್ಚಿ ಹಿಡಿದು ಮೈಯ ಶಕ್ತಿಯೆಲ್ಲ ಹಾಕಿ ತಿರುವಿದೆ.

ಮೇಸ್ತ್ರಿ ಹೇಳಿದ ಹಾಗೆಯೇ ಆಯಿತು, ಆರಾಮಾದ ಹಾಗೆ ಕಂಡಿತು. ಅಂದು ಸಂಜೆ ಬೇಲೆಕೇರಿಯ ನೇರ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ, ಮೇಸ್ತ್ರಿಗಿಂತ ನಾನೇ ವಾಸಿ ಎಂದುಕೊಂಡೆ. ಮರುದಿನ ನನಗೆ ಜ್ವರ. ಜ್ವರ ಇದ್ದದ್ದು ನಿಜ, ಏಳಲಾಗದಷ್ಟು ಇರಲಿಲ್ಲ ಎಂಬುದೂ ನಿಜ. ಆ ದಿನ ತಮ್ಮನ ಬೋಟು ಮಾತ್ರ ಹೋಗಿರಲಿಲ್ಲವಾದ್ದರಿಂದ ಅವನು ತಾನೇ ಮೀನು ಒಯ್ಯುತ್ತೇನೆ ಎಂದ. ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಸುಂಕಸಾಳ ದಾಟಿದ ಮೇಲಿನ ತಿರುವಿನಲ್ಲಿ ತುಂಬಿದ ಕ್ರೇಟಿನ ಸಮೇತ ಗಾಡಿ ನೇರ ಹೋಗಿ ಚರಂಡಿಗೆ ಬಿತ್ತಂತೆ. ಬಲ ಮೊಣಕಾಲು ಹೋಯಿತು. ಕಾರವಾರದ ಆಸ್ಪತ್ರೆಯಲ್ಲಿ ಡಾಕ್ಟರು ನಡೆಯುತ್ತಾನೆ, ಆದರೆ ಕಾಲು ಮಡಚುವುದಿಲ್ಲ ಎಂದರು. ಕಾಲು ಮಡಚದವನು ಬೋಟಿನಲ್ಲಿ ನಿಲ್ಲುವುದು ಹೇಗೆ? ಅವನಿಗೆ ಆಗ ಇಪ್ಪತ್ತನಾಲ್ಕು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಆಯಿ ಅಳು ನಿಲ್ಲಿಸಿ ನನ್ನ ಕಡೆ ತಿರುಗಿ, ಗಾಡಿ ಯಾರ ಹತ್ತಿರ ರಿಪೇರಿ ಮಾಡಿಸಿದ್ದೆ ಎಂದು ಕೇಳಿತು. ಮೇಸ್ತ್ರಿಯ ಹತ್ತಿರ ಎಂದೆ. ಅಷ್ಟೇ ಎಂದದ್ದು. ಹಿಂದಿನದ್ದೂ ಹೇಳಲಿಲ್ಲ, ಮುಂದಿನದ್ದೂ ಹೇಳಲಿಲ್ಲ. ಗಾಡಿ ಅವರ ಅಂಗಡಿಯಲ್ಲಿ ನಿಂತದ್ದನ್ನು ಕೇರಿಯವರೆಲ್ಲ ನೋಡಿದ್ದರು, ಇನ್ನೇನು ಬೇಕು?

ನಾಲ್ಕನೆಯ ದಿನ ಮೇಸ್ತ್ರಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಎರಡು ಎಳನೀರು. ಆಯಿ ಅಂಗಳಕ್ಕೆ ಇಳಿದು, ಅಕ್ಕಪಕ್ಕದವರೆಲ್ಲ ಬಂದು ನಿಲ್ಲುವ ಹಾಗೆ ಬೈಯಿತು. ನಿನ್ನ ಕೈ ಸೇದಿ ಹೋಗಲಿ ಎಂದಿತು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ, ಬೇಲಿಯ ಹತ್ತಿರ ತಂದು ಒರಗಿಸಿದ್ದ ಗಾಡಿಯ ಬಳಿ ಹೋಗಿ ಹ್ಯಾಂಡಲನ್ನು ಎರಡು ಬೆರಳಿನಲ್ಲಿ ದೂಡಿ ನೋಡಿದರು. ಅದು ಅಲ್ಲಾಡಲಿಲ್ಲ. ಬಗ್ಗಿ ನಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ಪೈಪು ಪಾನಾದ ಹಲ್ಲು ಕಚ್ಚಿದ ಗುರುತು ನಾನು ನಿಂತಲ್ಲಿಗೇ ಕಾಣುತ್ತಿತ್ತು, ಹೊಳೆಯುತ್ತಿತ್ತು.

"ಈ ನಟ್ಟಿಗೆ ಪಾನಾ ಹಾಕಿದ್ದು ಯಾರು ತಮಾ?" ಎಂದು ಕೇಳಿದರು. ಜೋರಾಗಿ ಅಲ್ಲ, ನನಗೊಬ್ಬನಿಗೇ ಕೇಳುವ ಹಾಗೆ.

ಆಯಿ ನೋಡುತ್ತಿತ್ತು. ಕೇರಿ ನೋಡುತ್ತಿತ್ತು. "ಗಾಡಿ ನಿಮ್ಮ ಹತ್ರವೇ ಬಿಟ್ಟಿದ್ನಲ್ಲ ಮೇಸ್ತ್ರಿ," ಎಂದೆ. ಎಲ್ಲರಿಗೂ ಕೇಳುವ ಹಾಗೆ.

ಅವರು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ನಾನೂ ಜಗಳ ತೆಗೆದು ಆ ಸುಳ್ಳನ್ನೇ ನಿಜ ಎಂದು ನಂಬಿಕೊಂಡುಬಿಡುತ್ತಿದ್ದೆನೋ ಏನೋ... ಕೀಲಿ ಗೂಟದಿಂದ ತೆಗೆದವನು ನೀನೇ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೈ ಒರೆಸಿಕೊಂಡು, ಎಳನೀರನ್ನು ಜಗುಲಿಯ ಅಂಚಿಗೆ ಇಟ್ಟು ಹೋದರು. ಅದನ್ನು ಆಯಿ ಹಿತ್ತಿಲಿಗೆ ಎಸೆಯಿತು.

ಮೇಸ್ತ್ರಿಗೆ ಗಿರಾಕಿ ಎಂದರೆ ನಮ್ಮವರೇ, ಮೀನು ಒಯ್ಯುವ ಗಾಡಿಗಳೇ. ಒಬ್ಬೊಬ್ಬರೇ ಬೇರೆ ಕಡೆ ಹೋದರು. ಯಾರೂ ಸಭೆ ಸೇರಿಸಿ ತೀರ್ಮಾನ ಮಾಡಲಿಲ್ಲ, ಸುಮ್ಮನೆ ಹೋಗುವುದು ಬಿಟ್ಟರು. ಮುಂದಿನ ಮಳೆಗಾಲಕ್ಕೆ ಅಂಗಡಿ ಮುಚ್ಚಿತು. ಆಮೇಲೆ ಅವರು ಹೆದ್ದಾರಿ ಬದಿಯಲ್ಲಿ ಅದಿರು ಲಾರಿಗಳ ಟೈರು ಪಂಕ್ಚರು ಹಾಕುತ್ತಿದ್ದರು. ಗಾಡಿ ಏರಿ ಕಣ್ಣು ಮುಚ್ಚಿದರೆ ರೋಗ ಎಲ್ಲಿದೆ ಎಂದು ಹೇಳುವ ಮನುಷ್ಯ, ಕೆಂಪು ಧೂಳಿನಲ್ಲಿ ಕೂತು ಲಾರಿ ಟೈರಿಗೆ ಸುತ್ತಿಗೆ ಹೊಡೆಯುವುದನ್ನು ನಾನು ವಾರಕ್ಕೆ ಆರು ದಿನ ನೋಡುತ್ತ ಹೋಗುತ್ತಿದ್ದೆ. ನನ್ನ ಹೊಸ ಗಾಡಿಯ ಸದ್ದಿಗೆ ಒಮ್ಮೆ ತಲೆ ಎತ್ತಿದರು. ನಾನು ವೇಗ ಹೆಚ್ಚು ಮಾಡಿದೆ. ನಾಳೆ ನಿಲ್ಲಿಸುತ್ತೇನೆ, ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಅದಿರು ನಿಂತಿತು, ಲಾರಿಗಳು ನಿಂತವು, ಅವರೂ ಅಲ್ಲಿಂದ ಹೋದರು. ಕೆಲವು ವರ್ಷದ ಮೇಲೆ ಬಸ್ಸಿನಲ್ಲಿ ಯಾರೋ ಮಾತಿಗೆ ಮಾತು ಬಂದು, ಆ ಮೇಸ್ತ್ರಿ ತೀರಿಕೊಂಡನಲ್ಲ ಎಂದರು. ನಾನು ಹೌದಾ ಎಂದು ಕಿಟಕಿಯ ಹೊರಗೆ ನೋಡಿದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಶಿರವಾಡದ ಗ್ಯಾರೇಜಿನಿಂದ ಬಂದ ಆ ಭಾನುವಾರ ಬೇಲೆಕೇರಿಗೆ ಹೋದೆ. ಆಯಿ ಈಗಿಲ್ಲ. ತಮ್ಮ ಕಾಲು ಚಾಚಿಕೊಂಡು ಬಲೆ ಸರಿಮಾಡುತ್ತ ಕೂತಿದ್ದ. ಅದೊಂದೇ ಅವನಿಗೆ ಉಳಿದ ಕೆಲಸ. ಅವನ ಎದುರು ಕೂತು ಎಲ್ಲ ಹೇಳಿದೆ. ಕೀಲಿ ತಂದದ್ದು, ನಟ್ಟು ಬಿಗಿ ಮಾಡಿದ್ದು, ಆ ಅಂಗಳದಲ್ಲಿ ಹೇಳಿದ ಸುಳ್ಳು. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಕೈ ಬಲೆಯ ಮೇಲೆ ನಿಲ್ಲಲೂ ಇಲ್ಲ.

"ನೀನು ಪಾನಾ ಹಾಕೂದು ನಾನು ಒಳಗಿಂದ ಕಂಡಿದ್ದೆ ದಾದಾ," ಎಂದ. "ಗಾಡಿ ಏರಿದ ಕೂಡ್ಲೆ ಹ್ಯಾಂಡಲ್ ಬಿಗಿ ಅದೆ ಅಂತಲೂ ಗೊತ್ತಾಯ್ತು."

ಹಾಗಾದರೆ ಆಯಿ ಅಂಗಳದಲ್ಲಿ ಅಷ್ಟು ಶಾಪ ಹಾಕುವಾಗ, ಆಸ್ಪತ್ರೆಯಿಂದ ಬಂದ ಮೇಲೆ ಇಷ್ಟು ವರ್ಷ, ಒಂದು ಸಲವೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ನಿನ್ನ ಹೆಸರು ಬಂದಿದ್ರೆ ಆಯಿ ಎದೆ ಒಡೆದು ಸಾಯ್ತಿತ್ತು. ಆ ಮನುಷ್ಯ ಹೆಂಗಿದ್ರೂ ನಮ್ಮವ ಅಲ್ಲ ಅಲ್ವಾ."

ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆ ಮಾತು ನನಗೆ ಹೊಸದಾಗಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮುಂದೆ ನನ್ನ ಬಾಯಿಗೆ ಮೇಸ್ತ್ರಿಯ ಹೆಸರು ಯಾಕೆ ಬಂತು ಎಂಬುದಕ್ಕೆ ಗಾಬರಿ, ಜ್ವರ, ಆಯಿಯ ಅಳು ಎಂದೆಲ್ಲ ಕಾರಣ ಹುಡುಕಿ ಇಟ್ಟುಕೊಂಡಿದ್ದೆ. ಅದ್ಯಾವುದೂ ಅಲ್ಲ. ತಮ್ಮ ಈಗ ಅಂದದ್ದನ್ನೇ ನಾನು ಅವತ್ತು ಅಂದುಕೊಂಡಿದ್ದೆ. ಅವರ ಪರವಾಗಿ ಕೇಳಲು ನಮ್ಮ ಕೇರಿಯಲ್ಲಿ ಯಾರೂ ಇಲ್ಲ ಎಂದು ನೋಡಿಯೇ ಅವರನ್ನು ಆರಿಸಿದ್ದೆ.

ಹೊರಡುವಾಗ ದಾರಿಯಲ್ಲಿ ಕೇರಿಯ ಹಿರಿಯರೊಬ್ಬರು ಸಿಕ್ಕಿ ತಮ್ಮನ ಕಾಲಿನ ಮಾತು ತೆಗೆದರು. ಆ ಮೇಸ್ತ್ರಿ ಒಬ್ಬ ಹಾಳು ಮಾಡಿಬಿಟ್ಟ ನೋಡು ಎಂದರು. ಮೇಸ್ತ್ರಿ ಈಗ ಇಲ್ಲ, ನಿಜ ಹೇಳಿದರೆ ಯಾರಿಗೂ ನಷ್ಟವೂ ಇಲ್ಲ. ನಾನು ಹೌದೆಂದು ತಲೆ ಆಡಿಸಿ ಗಾಡಿ ಸ್ಟಾರ್ಟ್ ಮಾಡಿದೆ.