ತಂಪು ಪೆಟ್ಟಿಗೆಯ ಆಮೆಗಳು

ತಂಗಿ ನನಗೆ ವಹಿಸಿದ್ದು ಒಂದೇ ಕೆಲಸ: ಏನೂ ಮಾಡದೆ ಸುಮ್ಮನಿರುವುದು. ಅಷ್ಟೂ ನನ್ನ ಕೈಲಾಗಲಿಲ್ಲ. ಆಗಬಾರದ್ದು ಆದ ಮೇಲೆ ಕೂಡಲೇ ಅವಳಿಗೆ ಹೇಳಲೂ ಇಲ್ಲ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ನರಸೀಪುರದ ಹತ್ತಿರ ರೇಷ್ಮೆಹುಳು ಸಾಕುತ್ತೇನೆ. ತಂಗಿ ಮೈಸೂರಿನಲ್ಲಿ ಆಮೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಹೋದ ವರ್ಷ ಅನುಮತಿ ಪಡೆದು, ಕಪಿಲೆ ಕಡೆಯ ಕೆರೆಯೊಂದರ ದಂಡೆಯಿಂದ ಮೊಟ್ಟೆ ತಂದಳು. ಅರ್ಧದಷ್ಟು ಮೊಟ್ಟೆ ಬಿಸಿಗೆಂದು ಲ್ಯಾಬಿನ ಕರೆಂಟಿನ ಪೆಟ್ಟಿಗೆಗೆ ಹೋಯಿತು. ಅಲ್ಲಿ ಇದ್ದದ್ದೇ ಒಂದು ಪೆಟ್ಟಿಗೆ. ಉಳಿದರ್ಧ ತಂಪಿಗೆಂದು, ಮರಳು ತುಂಬಿದ ಪೆಟ್ಟಿಗೆಯಲ್ಲಿ, ನಮ್ಮ ಮಣ್ಣುಗೋಡೆಯ ಕೋಣೆಗೆ ಬಂತು.

"ಮೊಟ್ಟೆಗೆ ಸೆಕೆಯಾದ್ರೆ ಹೆಣ್ಣು, ತಂಪಾದ್ರೆ ಗಂಡು. ಅದುನ್ನ ತೋರ್ಸೋಕೇ ಈ ಪಾಡು. ಮುಟ್ಬೇಡ ಅಣ್ಣ," ಎಂದಳು. ಜೊತೆಗೆ, "ನಮ್ ಮನುಷ್ಯರಲ್ಲಾದ್ರೆ ಹೆಣ್ಣೋ ಗಂಡೋ ಅನ್ನೋದು ಅಪ್ಪನ ಕಡೆಯಿಂದ್ಲೇ ತೀರ್ಮಾನ. ಅತ್ತಿಗೆ ಮುಂದೆ ಮುಖ ಊದಿಸ್ಕೊಂಡು ತಿರುಗ್ಬೇಡ."

ಆಗಷ್ಟೇ ನಮಗೆ ಎರಡನೇ ಹೆಣ್ಣುಮಗು ಹುಟ್ಟಿತ್ತು. ನಾನು ಮಾತು ತಿರುಗಿಸಿದೆ.

"ಆಮೆ ಅಂದ್ರೆ ಹಲ್ಲಿ ಜಾತಿ ತಾನೇ?"

"ಹಲ್ಲಿಗಿಂತ ಕೋಳಿನೇ ಅದ್ಕೆ ಹತ್ರದ ನೆಂಟ. ಮೊಸಳೆನೂ ಅಷ್ಟೇ ಕಣಣ್ಣ," ಎಂದು ನಗುತ್ತಾ ಬಸ್ಸು ಹತ್ತಿದಳು.

ಅಷ್ಟು ಪಾಠದಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಕೋಳಿ ಮಾತ್ರ. ಚಳಿ ಜೋರಾದಾಗ ಹುಳುಮನೆಗೆ ಕೆಂಡದ ಒಲೆ ಇಟ್ಟೆ. ಕೋಣೆಯ ಮೊಟ್ಟೆಗಳ ನೆನಪಾಯಿತು. ಕೋಳಿಯ ನೆಂಟರನ್ನು ಚಳಿಯಲ್ಲಿ ಬಿಡುವುದುಂಟೇ? ಕಾವಿಗೆ ಕೂರಲು ತಾಯಿಯೂ ಇಲ್ಲ. ಪೆಟ್ಟಿಗೆಯನ್ನು ಒಲೆಯ ಪಕ್ಕ ತಂದಿಟ್ಟೆ. ಹುಳು ಗೂಡು ಕಟ್ಟುವ ತನಕ ಅದು ಅಲ್ಲೇ ಬೆಚ್ಚಗಿತ್ತು. ತಂಗಿ ಬರುತ್ತಾಳೆಂದು ಫೋನ್ ಬಂದಾಗ "ಮುಟ್ಬೇಡ" ಎಂದಿದ್ದು ಜ್ಞಾಪಕಕ್ಕೆ ಬಂತು. ಬೇಗ ಬೇಗ ಕೋಣೆಗೆ ಸಾಗಿಸಿದೆ.

"ಎಷ್ಟು ಜೋಪಾನ ಮಾಡಿದ್ದೀಯಣ್ಣ!" ಎಂದು ಅವಳು ನಂಜನಗೂಡಿನ ರಸಬಾಳೆ ಕೊಟ್ಟಳು. ನಾನು ತಿಂದೆ.

ಮರಿಗಳು ಹೊರಬಂದವು. ಲ್ಯಾಬಿನಲ್ಲಿ ನೋಡಿದರೆ ತಂಪು ಪೆಟ್ಟಿಗೆಯವೂ ಒಂದು ಬಿಡದೆ ಹೆಣ್ಣು. ಬಿಸಿ-ತಂಪಿನ ಅಳತೆಯೇ ಸರಿ ಮಾಡಿಲ್ಲವೆಂದು ಅವಳ ಮೇಷ್ಟ್ರು ರೇಗಿದರಂತೆ. ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ.

"ನಂಗೆ ಈ ಕೆಲ್ಸ ಬರಲ್ಲ ಅತ್ತಿಗೆ. ನಾಳೆ ಹೋಗಿ ಬಿಟ್ಬುಡ್ತೀನಿ ಅಂತ ಹೇಳ್ತೀನಿ."

ಮಗುವಿಗೆ ಹಾಲೂಡಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿದಳು. "ಹೆಣ್ಣಾಯ್ತು ಅಂತ ನಿಂಗೂ ಬೈದ್ರಾ?"

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಎದ್ದು ಹುಳುಮನೆಗೆ ಹೋಗಿಬಿಡುತ್ತಿದ್ದೆನೋ ಏನೋ. ಇಬ್ಬರಿಗೂ ಕೇಳುವ ಹಾಗೆ ಹೇಳಿದೆ:

"ನಿನ್ ಅಳತೆ ಸರಿಯಾಗೇ ಇತ್ತು ಕಣವ್ವ. ಪೆಟ್ಟಿಗೆನ ಕೆಂಡದ್ ಪಕ್ಕ ಇಟ್ಟೋನು ನಾನು. ನಾಳೆ ಬಂದು ನಿಮ್ ಮೇಷ್ಟ್ರಿಗೂ ಹೇಳ್ತೀನಿ. ಪೆಟ್ಟಿಗೇಲಿ ಹೆಣ್ಣಾಗಿದ್ದೂ ನನ್ನಿಂದ, ಮನೇಲಿ ಹೆಣ್ಣಾಗಿದ್ದೂ ನನ್ನಿಂದ. ತಪ್ಪಾಯ್ತು, ಇಬ್ರೂ ಕ್ಷಮಿಸ್ಬುಡಿ."