ಹವಳಕ್ಕೆ ನೆನೆಸಿದ ಅವಲಕ್ಕಿ

ಗೆಳೆಯರೇ, ಬಳ್ಳಾರಿಯ ನಮ್ಮ ಮನೆಯಲ್ಲಿ ಇವತ್ತು ಹವಳವನ್ನು ಶಾಕಾಹಾರಿ ಮಾಡುವ ಪ್ರಯತ್ನ ನಡೆಯಿತು. ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿರುವ ಕಿತ್ತಳೆ ಬಣ್ಣದ ಹವಳ ನೋಡಲು ಹೂವು, ನಿಜದಲ್ಲಿ ಪ್ರಾಣಿ. ಬೆಳಕಿನಿಂದ ಅದರ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಹತ್ತಾರು ಬಾಯಿ, ಒಂದೊಂದಕ್ಕೂ ಸೀಗಡಿಯ ಚೂರು ತಿನ್ನಿಸಬೇಕು. ನಮ್ಮದು ಲಿಂಗ ಕಟ್ಟಿದ ಮನೆ, ಹಾಗಾಗಿ ಸೀಗಡಿಯ ವಾಸ ಪಕ್ಕದ ಮನೆಯ ಫ್ರಿಜ್‌ನಲ್ಲಿ.

ಸಂಜೆ ಆಫೀಸಿನಿಂದ ಬಂದು ನೋಡಿದರೆ ನೀರು ಬೆಳ್ಳಗೆ ಕದಡಿದೆ, ಹವಳ ಮುದುಡಿದೆ.

"ಅವಲಕ್ಕಿ ನೆನಿಸಿ ಹಾಕೀನಿ," ಅಂದಳು ಅವ್ವ. "ಈ ಮನ್ಯಾಗ ಇರಾದು ಅಂದ್ರ ಈ ಮನಿ ಊಟಾನ ಉಣ್ಣಬೇಕು."

"ಅವ್ವಾ, ಅದು ಸಾಯ್ತೈತಿ!"

ಅವ್ವ ಗಾಬರಿಯಾದಳು. ಇಬ್ಬರೂ ಸೇರಿ ನೀರು ಬದಲಿಸಿದೆವು. ಸೀಗಡಿ ತಂದು ಹತ್ತಿರ ಹಿಡಿದ ಮೇಲೆ ಬಾಯಿಗಳು ಮೆಲ್ಲಗೆ ತೆರೆದುಕೊಂಡವು. ಮೂಗಿಗೆ ಸೆರಗು ಹಿಡಿದುಕೊಂಡೇ ಅವ್ವ ಅಪ್ಪಣೆ ಕೊಟ್ಟಳು: "ಆ ಮೂಲ್ಯಾಗಿನದಕ್ಕ ಇನ್ನೂ ಸಿಕ್ಕಿಲ್ಲ ನೋಡು, ಹಾಕು. ಪಾಪ, ಹಸದೈತಿ."

ನಾನು ಹೊರಗೆ ಆಮ್ಲೆಟ್ ತಿಂದು ಬಂದ ದಿನ ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟಲು ಬಿಡದವಳು ಇದೇ ಅವ್ವ. ಮುಂದಿನ ಜನ್ಮ ಅಂತ ಒಂದಿದ್ದರೆ, ಇದೇ ಮನೆಯಲ್ಲಿ ಹವಳವಾಗಿ ಹುಟ್ಟುತ್ತೇನೆ.