ಹುಳಿ ತಿಂದ ಚಕ್ರ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ: ಅರಂತೋಡಿನ ನಮ್ಮ ಅಂಗಳ. ಹಾಜರಿದ್ದವರು: ನಾನು ಮತ್ತು ಒಂದು ಕಾರು. ಕಾರಿನ ಒಡತಿ, ಅಂದರೆ ನನ್ನ ಹೆಂಡತಿ ಜಲಜ, ಗೈರುಹಾಜರು.

ಎಡವಟ್ಟಾದದ್ದು ಅಲ್ಲೇ.

ತನ್ನ ತಂಗಿಯನ್ನು ಪುತ್ತೂರಿನ ಬಸ್‌ಸ್ಟ್ಯಾಂಡಿಗೆ ಬಿಟ್ಟು ಆಗಷ್ಟೇ ಬಂದವಳು, ಕೀಯನ್ನು ಕೊಕ್ಕೆಗೆ ಹಾಕಿ ಪಕ್ಕದ ಮನೆಗೆ ಹೋಗಿದ್ದಳು. (ಮನೆಯ ಕೀಗಳೆಲ್ಲ ಒಂದೇ ಹಲಗೆಯ ಕೊಕ್ಕೆಗಳಲ್ಲಿ ಇರಬೇಕೆಂಬುದು ನನ್ನ ನಿಯಮ. ನಿವೃತ್ತ ಡ್ರಿಲ್ ಮಾಸ್ಟರನ ಮನೆ ಇನ್ನು ಹೇಗಿರುತ್ತದೆ?)

ನೋಡುತ್ತೇನೆ, ಮುಂದಿನ ಒಂದು ಚಕ್ರದಲ್ಲಿ, ಟಯರಿನ ನಡುವಿನ ಕಪ್ಪು ಲೋಹದ ಮೇಲೆ, ಬಿಳಿ ಚುಕ್ಕೆಗಳು. ಹಿಂದಿನ ದಿನ ತೋಟದ ಅಡಿಕೆಗೆ ಸುಣ್ಣ ಬೆರೆಸಿದ ಮದ್ದು ಬಿಡುವಾಗ ಸಿಡಿದದ್ದು. ಸುಣ್ಣದ ಕಲೆಗೆ ಹುಳಿ. ಇದು ಯಾರಿಗೆ ಗೊತ್ತಿಲ್ಲ? ಕೀ ತೆಗೆದುಕೊಂಡೆ, ಕಾರನ್ನು ನಲ್ಲಿಯ ಬಳಿ ಬಿಸಿಲಿಗೆ ತಂದೆ. ಹಿತ್ತಾಳೆ ದೀಪ ಬೆಳಗಲು ಕೊಯ್ದಿಟ್ಟ ಬಿಂಬುಳಿ ಕಾಯಿ ಇತ್ತು, ತೆಂಗಿನ ನಾರೂ ಇತ್ತು. ನೀರು ಹೊಯ್ದಾಗ ಚಕ್ರ 'ಚುಂಯ್' ಎಂದಿತು. ಅದು ಎಚ್ಚರಿಕೆ ಎಂದು ನನಗೆ ಹೊಳೆಯಲಿಲ್ಲ. ಹುಳಿ ಹಿಂಡಿ, ಶಕ್ತಿ ಹಾಕಿ ತಿಕ್ಕಿದೆ.

ಚುಕ್ಕೆ ಹೋಯಿತು. ಹೊಳಪೂ ಹೋಯಿತು. ಕನ್ನಡಿಯಂತಿದ್ದ ಕಪ್ಪು ಚಕ್ರಕ್ಕೆ ಬೂದಿ ಬಳಿದ ಹಾಗಾಯಿತು.

ಆ ಕಪ್ಪು ಚಕ್ರವನ್ನು ಜಲಜ ಶೋರೂಮಿನಲ್ಲಿ ಹಟ ಹಿಡಿದು ಆರಿಸಿದ್ದಳು. ಹೊಲಿಗೆ ಯಂತ್ರ ತುಳಿದು, ತನ್ನದೇ ದುಡಿಮೆಯಲ್ಲಿ ತೆಗೆದ ಕಾರು. ಡ್ರೈವಿಂಗ್ ಕಲಿತದ್ದೂ ಅರುವತ್ತರ ಹತ್ತಿರ. ಮನೆಗೆ ತಂದ ದಿನವೇ ಹೇಳಿದ್ದಳು, "ಇದೊಂದಕ್ಕೆ ನಿಮ್ಮ ಟೈಮ್‌ಟೇಬಲ್ ಬೇಡ, ಆಯ್ತಾ?"

ಅವಳು ಬಂದು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಬೆರಳಿನಿಂದ ಸವರಿದಳು.

"ಎಂತ ಹಾಕಿದ್ದು?"

"ಬಿಂಬುಳಿ."

ಎದ್ದು, ಸೆರಗಿನಲ್ಲಿ ಬೆರಳು ಒರೆಸಿಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ಇಬ್ಬರೂ ಪೇಟೆಯ ವಾಟರ್ ಸರ್ವಿಸಿಗೆ ಹೋದೆವು. ಕಾರು ತೊಳೆಯುವ ಹಮೀದ್ ಚಕ್ರ ನೋಡಿ ನಕ್ಕುಬಿಟ್ಟ.

"ಇದೇನು ದೇವರ ದೀಪವಾ ಮಾಸ್ಟ್ರೇ, ಹುಳಿ ಹಾಕಿ ಬೆಳಗ್ಲಿಕ್ಕೆ? ಓಡಿ ಬಂದ ಚಕ್ರ ಮೊದ್ಲು ನೆರಳಲ್ಲಿ ತಣೀಬೇಕು. ನೀರು ಬಿಟ್ಟು ಮಣ್ಣು ಹೋಗ್ಬೇಕು. ಮತ್ತೆ ಕಾರಿನ ಶಾಂಪೂ, ಮೆತ್ತನೆ ಬಟ್ಟೆ, ಅಷ್ಟೇ. ಚಕ್ರದ ಬಟ್ಟೆಯಲ್ಲಿ ಬಾಡಿ ಒರೆಸ್ಬಾರ್ದು. ಹುಳಿ, ಆಸಿಡ್, ನಾರು ಹತ್ತಿರ ತರುದೇ ಬೇಡ. ಜಲಜಕ್ಕನಿಗೆ ಇದೆಲ್ಲ ಗೊತ್ತುಂಟಲ್ಲ, ಕೇಳ್ಲಿಲ್ವಾ ನೀವು?"

ಕೇಳಲಿಲ್ಲ. ಅವಳಿದ್ದದ್ದು ಒಂದು ಬೇಲಿಯಾಚೆ. ಕರೆದರೆ ಕೇಳಿಸುವಷ್ಟು ದೂರ. ಆದರೆ ಇಷ್ಟು ವರ್ಷ ನಾನು ವಿಸಿಲ್ ಊದಿದವನು. ಕೇಳುವುದು ಎದುರಿನ ಸಾಲಿನವರ ಕೆಲಸ ಎಂದುಕೊಂಡಿದ್ದೆ.

"ಪೈಂಟ್ ಮಾಡಿಸುವ" ಎಂದೆ, ದಾರಿಯಲ್ಲಿ.

"ಚಕ್ರಕ್ಕೆ ಮಾಡಿಸ್ಬಹುದು" ಎಂದಳು.

ಸಂಜೆ ಐದು. ಕಾರು ನೆರಳಿನಲ್ಲಿ ತಣಿದಿತ್ತು. ಉಳಿದ ಮೂರು ಚಕ್ರಗಳನ್ನು ಅವಳು ಒಂದೊಂದಾಗಿ ತೊಳೆದು, ನೀರು ಆರುವ ಮೊದಲೇ ಒರೆಸಿದಳು. ನಾನು ನೀರು ಹೊತ್ತೆ. ಬಟ್ಟೆ ಒಗೆಯಲೇ ಎಂದು ಕೇಳಿ, ಒಗೆದು ಒಣಹಾಕಿದೆ.

ಆರು ಗಂಟೆಗೆ ಎಂದಿನಂತೆ ಕೀ ಹಲಗೆಯ ತಪಾಸಣೆ. ಗೇಟು, ಗೋದ್ರೇಜು, ಪಂಪ್ ಶೆಡ್ಡು. ಮೂರೂ ಇದ್ದವು. ನಾಲ್ಕನೆಯದು, ಕಾರಿನ ಕೀಯ ಕೊಕ್ಕೆ, ಖಾಲಿ.

ಎಲ್ಲಿಟ್ಟಿದ್ದೀ ಎಂದು ಯಾವ ಬಾಯಲ್ಲಿ ಕೇಳಲಿ?